ಜಿಡ್ಡು ಹತ್ತದ ರಕ್ತ

ತಿರುಗುತ್ತಿದೆ, ಮುಚ್ಚಳದ ಕೆಳಗೆ ಕಣ್ಣಿಗೆ ಕಾಣದ ಹಾಗೆ ಗಿರಗಿರನೆ ತಿರುಗುತ್ತಿದೆ, ಗುಂಯ್ ಎನ್ನುವ ಸದ್ದು ಮೇಜಿನಿಂದ ಗೋಡೆಗೆ, ಗೋಡೆಯಿಂದ ಈ ಮರದ ಬೆಂಚಿಗೆ, ಬೆಂಚಿನಿಂದ ತನ್ನ ಸೊಂಟಕ್ಕೆ ಹತ್ತಿ ಬರುತ್ತಿದೆ ಎಂದುಕೊಂಡಳು ಖಮರುನ್ನೀಸಾ, ಮನೆಯ ಮಿಕ್ಸಿಯದೂ ಹೆಚ್ಚುಕಮ್ಮಿ ಇದೇ ಸದ್ದು, ಆದರೆ ಮಿಕ್ಸಿ ಎಲ್ಲವನ್ನೂ ಕೂಡಿಸಿ ಒಂದು ಮಾಡುತ್ತದೆ, ಇದು ಕೂಡಿದ್ದನ್ನು ಬೇರೆ ಮಾಡುತ್ತದಂತೆ, ಕೆಂಪೆಲ್ಲಾ ತಳಕ್ಕೆ ಕೂರ್ತೈತೆ ಅಕ್ಕಾರೆ, ಮ್ಯಾಲೆ ತಿಳಿ ನಿಲ್ತೈತೆ, ನಮಗೆ ಬೇಕಾಗಿರೋದು ಆ ತಿಳಿ ಅಷ್ಟೇ, ಎಂದು ಲ್ಯಾಬಿನ ತಿಪ್ಪೇಶಪ್ಪ ಯಾವತ್ತೋ ಹೇಳಿದ್ದು, ಅವನಿಗೂ ಪಾಪ ಇವಳ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತಾನೆ — ಒಳಗೆ ತಿರುಗುತ್ತಿರುವುದು ಮಗಳ ರಕ್ತ, ನುಜಹತ್‌ಳದು, ಆಗಲೇ ತೋಳಿನಿಂದ ಎಳೆದು, ಸ್ವಲ್ಪ ಹೊತ್ತು ಹೆಪ್ಪಾಗಲು ಬಿಟ್ಟು, ಬೆರಳುದ್ದದ ಕೊಳವೆಯ ಸಮೇತ ಯಂತ್ರದೊಳಗೆ ಇಳಿಬಿಟ್ಟಿದ್ದು, ನುಜಹತ್ ಮಾತ್ರ ಇಲ್ಲಿ ಪಕ್ಕದಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಮೊಬೈಲು ನೋಡುತ್ತಿದ್ದಾಳೆ, ನ್ಯಾಮತಿಯಿಂದ ನಿನ್ನೆ ಬಂದವಳು, ಗಂಡ ಅಲ್ತಾಫ್ ಏನೋ ಕಳಿಸಿರಬೇಕು, ನಗುತ್ತಿದ್ದಾಳೆ, ಅವಳ ಒಂದು ಚೂರು ಅಲ್ಲಿ ತಿರುಗುತ್ತಿದೆ, ಉಳಿದವಳು ಇಲ್ಲಿ ನಗುತ್ತಿದ್ದಾಳೆ, ಆ ಚೂರಿಗೆ ಗೊತ್ತಿರುವುದು ಈ ಉಳಿದವಳಿಗೆ ಗೊತ್ತಿಲ್ಲ, ಹೆತ್ತ ತನಗೂ ಗೊತ್ತಿಲ್ಲ, ತನ್ನ ಮೈಯಲ್ಲಿ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇದ್ದು ಈ ಸಲ ಮಾತ್ರೆಗೆ ಹೆದರಿ ಓಡಿಹೋದ ಆ ಹೆಪಟೈಟಿಸ್ ಸಿ ಎಂಬ ವೈರಸ್ಸು, ಈ ಮಗಳು ಹುಟ್ಟುವಾಗ ಇವಳ ಜೊತೆಗೂ ಹೊರಟುಬಂದಿತ್ತೋ ಇಲ್ಲವೋ.

ಎಲ್ಲದಕ್ಕೂ ಕಾರಣ ಆ ತೊಂಬತ್ತೆಂಟು, ಅಲ್ಲ, ಕಾರಣ ಅದಲ್ಲ, ಆದರೆ ಯೋಚನೆ ಮಾಡಲು ಕೂತರೆ ಮೊದಲು ನೆನಪಿಗೆ ಬರುವುದು ಅದೇ, ಗಂಡ ಬುಡನ್‌ಸಾಬನಿಗೆ ಎದೆಯಲ್ಲಿ ಚಳಕು ಬಂದು ಇದೇ ಲ್ಯಾಬಿಗೆ ಕರೆತಂದಾಗ ಡಾಕ್ಟರು ಇವಳದೂ ಒಂದು ನೋಡಿಬಿಡಿ ಎಂದಿದ್ದರು, ಗಂಡನ ಕೊಲೆಸ್ಟ್ರಾಲು ಇನ್ನೂರೈವತ್ತರ ಹತ್ತಿರ, ಹೆಂಡತಿಯದು ತೊಂಬತ್ತೆಂಟು, ತಿಪ್ಪೇಶಪ್ಪ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡ್ರಿ ಸಾಬರೆ, ನಿಮ್ದು ಮಜ್ಜಿಗೆ ಇದ್ದಂಗೈತೆ, ಅಕ್ಕಾರದು ನೋಡ್ರಿ ಬಾವಿ ನೀರು ಎಂದ, ಸಾಬರ ಮುಖ ಒಂದು ಗಳಿಗೆ ಸಣ್ಣದಾಯಿತು, ಮರುಗಳಿಗೆಯೇ ಅರಳಿತು, ಯಾಕೆಂದರೆ ಸಾಬರದು ಬಸ್‌ಸ್ಟ್ಯಾಂಡ್ ಹಿಂದಿನ ಕಾಲುಸೂಪಿನ ಹೋಟೆಲು, ಕುರಿಯ ಕಾಲು ಸುಟ್ಟು ಕೆರೆದು ತೊಳೆದು ಒಲೆಗೇರಿಸುವುದು ಇವಳು, ಉಪ್ಪು ಖಾರ ನೋಡುವ ನೆಪದಲ್ಲಿ ಬೆಳಿಗ್ಗೆ ಎದ್ದು ಒಂದು ಬಟ್ಟಲು ಬಿಸಿಬಿಸಿ ಹೊಟ್ಟೆಗಿಳಿಸುವುದೂ ಇವಳು, ಮೇಲೆ ತೇಲುವ ಜಿಡ್ಡಿಗೆ ರೊಟ್ಟಿ ಅದ್ದಿಕೊಂಡು ತಿನ್ನುವುದೂ ಇವಳೇ, ಇಷ್ಟೆಲ್ಲಾ ತಿಂದವಳಿಗೆ ತೊಂಬತ್ತೆಂಟು ಎಂದರೆ ಸೂಪಿಗೆ ಇದಕ್ಕಿಂತ ಜಾಹೀರಾತು ಬೇಕೆ, ಕೆರೆಬಿಳಚಿಯಿಂದ, ಹೊನ್ನಾಳಿ ಕಡೆಯಿಂದ ಬರುವ ಹೊಟ್ಟೆಯುಬ್ಬಿದ ಗಿರಾಕಿಗಳು ಕೊಬ್ಬು ಕಮ್ಮಿ ಹಾಕ್ರಿ ಸಾಬರೆ, ಡಾಕ್ಟ್ರು ಬೈತಾರೆ ಎನ್ನುತ್ತಿದ್ದರಲ್ಲ, ಅವರ ಬಾಯಿ ಮುಚ್ಚಿಸಲು ಬೋರ್ಡು ಬರೆಯುವವನನ್ನು ಕರೆಸಿ ಹೋಟೆಲಿನ ಹೆಸರಿನ ಕೆಳಗೆ ಕೆಂಪು ಬಣ್ಣದಲ್ಲಿ ಬರೆಸಿಯೇಬಿಟ್ಟ, ದಿನಾ ಕುಡಿಯುವ ನಮ್ಮ ಮನೆಯವರ ಕೊಲೆಸ್ಟ್ರಾಲ್ ೯೮, ಏನ್ರೀ ಇದು, ನನ್ನ ರಕ್ತ ತಗೊಂಡೋಗಿ ಬಸ್‌ಸ್ಟ್ಯಾಂಡ್‌ನಾಗೆ ತೂಗಾಕೀರಿ ಎಂದು ಇವಳು ಮುನಿಸಿಕೊಂಡದ್ದು ಹೌದು, ಆದರೆ ಒಳಗೊಳಗೇ ಖುಷಿ, ಮದುವೆ ಮನೆಗೆ ಹೋದರೆ ಹೆಂಗಸರು ಇವಳ ಕಡೆ ಕೈ ತೋರಿಸುತ್ತಾರೆ, ಇವರೇ ನೋಡು ತೊಂಬತ್ತೆಂಟು ಎನ್ನುತ್ತಾರೆ, ಇವಳು ಬಿರಿಯಾನಿಯಲ್ಲಿ ಕೊಬ್ಬಿನ ತುಂಡನ್ನೇ ಆರಿಸಿ ಬಾಯಿಗಿಟ್ಟುಕೊಂಡು, ಏನ್ಮಾಡಾಕೆ ಆಗ್ತೈತೆ, ನಮ್ಮ ತವರಿನೋರ ರಕ್ತಕ್ಕೆ ಜಿಡ್ಡು ಹತ್ತಂಗಿಲ್ಲ ಎನ್ನುತ್ತಾಳೆ, ಎನ್ನುತ್ತಿದ್ದಳು.

ಆಮೇಲೆ ಕಣ್ಣಿನ ಪೊರೆ, ಎಡಗಣ್ಣಿಗೆ ದೀಪದ ಸುತ್ತ ಬಳೆ ಕಾಣಲು ಶುರುವಾಗಿ ಆಪರೇಷನ್ ಮಾಡಿಸಬೇಕು ಎಂದಾಗ ಅದಕ್ಕೂ ಮುಂಚೆ ರಕ್ತದ ಪರೀಕ್ಷೆ, ಮತ್ತೆ ತಿಪ್ಪೇಶಪ್ಪ, ಮತ್ತೆ ಇದೇ ಬೆಂಚು, ಈ ಸಲ ಕೊಳವೆಯ ಜೊತೆ ಒಂದು ಬಿಳಿ ಪ್ಲಾಸ್ಟಿಕ್ ಕಾರ್ಡು, ಕಡ್ಡಿಪೆಟ್ಟಿಗೆಯಷ್ಟು ಅಗಲ, ನಡುವೆ ಉದ್ದಕ್ಕೆ ಒಂದು ಕಿಂಡಿ, ಇದೇನು ತಿಪ್ಪೇಶಣ್ಣಾರೆ, ಇದೊಂದು ಗೆರೆ ಎಲ್ಲಾರಿಗೂ ಬರ್ತೈತೆ ಅಕ್ಕಾರೆ, ಕಾರ್ಡು ಸರಿ ಐತೆ ಅಂತ ಅದರ ಅರ್ಥ, ಕೆಳಗೆ ಇನ್ನೊಂದು ಬಂದ್ರೆ — ಅಲ್ಲಿಗೆ ಅವನು ಮಾತು ನಿಲ್ಲಿಸಿದ್ದು ನೆನಪಿದೆ, ಇವಳು ಬಗ್ಗಿ ನೋಡಿದ್ದು, ಒಂದು ಕಣ್ಣು ಮಸುಕು, ಇನ್ನೊಂದು ಕಣ್ಣಿಗೆ ಚೆನ್ನಾಗಿ ಕಂಡಿತು, ತೆಳ್ಳಗೆ, ಗುಲಾಬಿ ಬಣ್ಣದಲ್ಲಿ ಇನ್ನೊಂದು ಗೆರೆ, ಚಂದ ಐತಲ್ಲ ಎಂದೂ ಹೇಳಿದ್ದಳು ಮೊದಲು. ಆ ಗೆರೆಯೇ ಹೆಪಟೈಟಿಸ್ ಸಿ ಎಂದು ಆಮೇಲೆ ಗೊತ್ತಾಗಿ ದಾವಣಗೆರೆಯ ದೊಡ್ಡಾಸ್ಪತ್ರೆ, ಅಲ್ಲಿ ದುರ್ಗಾಂಬಿಕಾ ಎಂಬ ಡಾಕ್ಟರಮ್ಮ, ಸಣ್ಣ ವಯಸ್ಸು, ಮೂಗಿನ ಮೇಲೆ ಜಾರುವ ಕನ್ನಡಕ, ಎಂದಾದರೂ ರಕ್ತ ಹಾಕಿಸಿಕೊಂಡಿದ್ದಿರಾ ಅಮ್ಮ ಎಂದು ಕೇಳಿದಳು, ಹಾಕಿಸಿಕೊಂಡಿದ್ದೆ, ಮೊದಲನೇ ಹೆರಿಗೆಯಲ್ಲಿ, ಮಗು ಉಳಿಯಲಿಲ್ಲ, ನಾನೂ ಉಳಿಯುತ್ತಿರಲಿಲ್ಲ, ಯಾರದೋ ಎರಡು ಬಾಟಲಿ ರಕ್ತ ಏರಿಸಿ ಬದುಕಿಸಿದರು, ಆಗಿನ ಕಾಲದಲ್ಲಿ ರಕ್ತದಲ್ಲಿ ಇದನ್ನು ಹುಡುಕುವ ರೂಢಿ ಇನ್ನೂ ಬಂದಿರಲಿಲ್ಲವಂತೆ, ಯಾರದು ಆ ರಕ್ತ, ಗಂಡಸೋ ಹೆಂಗಸೋ, ಅವರಿಗೂ ಕೊಲೆಸ್ಟ್ರಾಲು ಕಮ್ಮಿ ಇತ್ತೋ ಏನೋ, ಬದುಕಿಸಿದ್ದೂ ಅದೇ, ಒಳಗೆ ಇದನ್ನು ತಂದು ಕೂರಿಸಿದ್ದೂ ಅದೇ, ಬೈಯಲು ಬಾಯಿ ಬರುವುದಿಲ್ಲ. ಸ್ಕ್ಯಾನಿನಲ್ಲಿ ಲಿವರ್ ತುಂಬಾ ಕೊಬ್ಬು ಇದೆ ಎಂದಾಗ ಬುಡನ್‌ಸಾಬ್ ಅಲ್ಲೇ ಜಗಳಕ್ಕೆ ನಿಂತ, ಮೇಡಂ, ಬ್ಯಾರೇರ ಫೋಟೋ ಬಂದೈತೆ ನೋಡ್ರಿ, ನಮ್ಮನೆಯೋರ ಮೈಯಾಗೆ ಕೊಬ್ಬೇ ಇಲ್ಲ, ತೊಂಬತ್ತೆಂಟು!

ಕೊಬ್ಬು ರಕ್ತದಲ್ಲಿ ಇಲ್ಲ, ಕಲೇಜದಲ್ಲಿ ಇದೆ, ಇದು ಹೆಂಗೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ಕೆರೆದುಕೊಂಡಳು ಖಮರುನ್ನೀಸಾ, ಕಲೇಜ ಅವಳು ನೋಡದ್ದಲ್ಲ, ಜಗಳೂರು ಕಡೆಯಿಂದ ಬರುವ ಕುರಿ ಬಯಲು ಮೇದದ್ದು, ಅದರ ಕಲೇಜ ಕಡುಗೆಂಪು, ಚಾಕು ಇಟ್ಟರೆ ಚಕ್ಕನೆ ಕೊಯ್ದು ಬರುತ್ತದೆ, ಕಟ್ಟಿ ಹಾಕಿ ಹಿಂಡಿ ತಿನ್ನಿಸಿ ಬೆಳೆಸಿದ್ದು ಬಂದರೆ ಕಲೇಜ ಬಿಳಿಚಿಕೊಂಡು ಬೂದಿ ಹಳದಿ, ಚಾಕುವಿಗೆ ಮೆತ್ತಿಕೊಳ್ಳುತ್ತದೆ, ತೊಳೆದರೂ ಜಿಡ್ಡು ಹೋಗುವುದಿಲ್ಲ, ತನ್ನದು ಹಾಗೆ ಮೆತ್ತುತ್ತದೆಯೇ ಈಗ, ರವಿಕೆಯ ಕೆಳಗೆ ಬಲಗಡೆ ಕೈಯಿಟ್ಟು ನೋಡಿಕೊಂಡಿದ್ದಳು, ಏನೂ ಗೊತ್ತಾಗಲಿಲ್ಲ, ಬೆಚ್ಚಗಿತ್ತು. ಮುಂದಿನ ಸಲ ಹೋದಾಗ ಡಾಕ್ಟರಮ್ಮನನ್ನು ಬಿಡಲಿಲ್ಲ, ಆಚೆ ಸಾಲಿನಲ್ಲಿ ಜನ ಕಾಯುತ್ತಿದ್ದರೂ ಆಕೆ ನಕ್ಕು ಹೇಳಿದಳು, ನಿಮ್ಮ ಹೋಟೆಲಲ್ಲಿ ಪಾರ್ಸಲ್ ಕಟ್ತೀರಲ್ವಾ ಅಮ್ಮ, ಲಿವರ್ರೂ ಅದೇ ಕೆಲಸ ಮಾಡುತ್ತೆ, ಕೊಬ್ಬನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಪಾರ್ಸಲ್ ಕಟ್ಟಿ ರಕ್ತಕ್ಕೆ ಬಿಡುತ್ತೆ, ಮೈಯೆಲ್ಲಾ ಅದನ್ನ ಇಸ್ಕೊಳ್ಳುತ್ತೆ, ಈ ವೈರಸ್ ಬಂದು ಆ ಕೊಬ್ಬಿನ ಹನಿಗಳ ಮೇಲೇ ಕೂತು ಮರಿ ಮಾಡುತ್ತೆ, ಮರಿಗಳು ಆ ಪಾರ್ಸಲ್ ಒಳಗೇ ಸೇರ್ಕೊಂಡು ಹೊರಗೆ ಹೋಗ್ತವೆ, ನೋಡಿದೋರಿಗೆ ಕೊಬ್ಬಿನ ಪಾರ್ಸಲ್ ಥರಾನೇ ಕಾಣುತ್ತೆ, ಯಾರು ಹಿಡೀತಾರೆ, ಆದ್ರೆ ಅದರ ಕಾಟಕ್ಕೆ ಪಾರ್ಸಲ್ ಕಟ್ಟೋ ಕೆಲಸ ಕುಂಟುತ್ತೆ, ಹೊರಗೆ ಹೋಗೋದು ಕಮ್ಮಿ ಆಗುತ್ತೆ, ಕೊಬ್ಬು ಅಡುಗೆಮನೇಲೇ ಉಳೀತು, ಬೀದೀಲಿ ಇಲ್ಲ, ಹಾಗಾಗಿ ನಿಮ್ಮ ರಕ್ತ ತಿಳಿ, ಲಿವರ್ ಜಿಡ್ಡು. ಅಬ್ಬಾ ಎಂದಳು ಖಮರುನ್ನೀಸಾ, ಹೆದರಿಕೆಗಿಂತ ಹೆಚ್ಚಾಗಿ ಅದರ ಜಾಣತನಕ್ಕೆ, ಪಾರ್ಸಲಿನೊಳಗೆ ಕೂತರೆ ಯಾರೂ ಕೇಳುವುದಿಲ್ಲ ಅಂತ ಅದಕ್ಕೆ ಹೆಂಗೆ ಗೊತ್ತಾತು ಮೇಡಂ, ಗೊತ್ತಾಗಲ್ಲಮ್ಮ, ಹಾಗೆ ಕೂತವು ಉಳಿದವು, ಕೂರದವು ಸತ್ತವು, ಅಷ್ಟೇ, ಅಷ್ಟೇ ಅಂದರೆ ಹೇಗೆ, ಆ ರಾತ್ರಿ ಸೂಪು ಪಾರ್ಸಲ್ ಕವರಿಗೆ ದಾರ ಸುತ್ತುವಾಗ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ ಗಂಡನಿಂದ ಬೈಸಿಕೊಂಡಿದ್ದಳು.

ಮಾತ್ರೆ ಸರ್ಕಾರದ್ದು, ದಿನಕ್ಕೊಂದು, ಮೂರು ತಿಂಗಳು, ಬಾಯಿ ಸ್ವಲ್ಪ ಕಹಿ ಆದದ್ದು ಬಿಟ್ಟರೆ ಏನೂ ಆಗಲಿಲ್ಲ, ಅಷ್ಟು ವರ್ಷ ಕೂತದ್ದು ಇಷ್ಟು ಸುಲಭವಾಗಿ ಎದ್ದುಹೋಯಿತೇ ಎಂದು ಅನುಮಾನವೇ ಬಂತು, ಹೋಗಿದೆ ಎಂದು ಪರೀಕ್ಷೆ ಮಾಡಿ ಹೇಳಿದರು, ಜೊತೆಗೇ ಕೊಲೆಸ್ಟ್ರಾಲೂ ನೋಡಿದರು, ಇನ್ನೂರ ಹದಿನಾಲ್ಕು, ಇವಳಿಗೆ ನಗು ಬಂತು, ಬುಡನ್‌ಸಾಬನಿಗೆ ಸಿಟ್ಟು ಬಂತು, ಒಂದು ಹೋತು ಅಂತ ಇನ್ನೊಂದು ತಗುಲಿಸಿ ಕಳಿಸ್ಯಾರೆ ನೋಡು, ಚಿನ್ನದಂಥ ರಕ್ತ ಕೆಡಿಸಿದ್ರು ಎಂದು ಚನ್ನಗಿರಿಯ ಮನೆ ಮುಟ್ಟುವತನಕ ಗೊಣಗಿದ, ಬೋರ್ಡಿನ ತೊಂಬತ್ತೆಂಟನ್ನು ಅಳಿಸ್ರಿ ಎಂದರೆ ಬರೆಯುವವನು ಸಿಗ್ತಾ ಇಲ್ಲ ಎನ್ನುತ್ತಾನೆ, ಸುಳ್ಳು, ದಿನಾ ಸೂಪು ಕುಡಿಯಲು ಬರುತ್ತಾನೆ ಅವನು — ಅವತ್ತು ಆಸ್ಪತ್ರೆಯಲ್ಲೇ, ಹಾಗಲ್ಲ ಸಾಬ್ರೆ, ಮಾತ್ರೆ ಕೊಬ್ಬು ತಂದಿಲ್ಲ, ತಡೆದಿದ್ದನ್ನ ತೆಗೀತು, ಲಿವರ್ ಈಗ ತನ್ನ ಕೆಲಸ ತಾನು ಮಾಡ್ತಿದೆ, ಇದೇ ಇವರ ಅಸಲಿ ನಂಬರು, ಆ ತೊಂಬತ್ತೆಂಟು ವೈರಸ್ಸಿಂದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಇದು ಮಾತ್ರ ಇವಳ ತಲೆಯಲ್ಲಿ ಇಳಿದು ಕೂತುಬಿಟ್ಟಿದೆ, ತೊಂಬತ್ತೆಂಟು ತನ್ನದಾಗಿರಲಿಲ್ಲ, ಮದುವೆ ಮನೆಗಳಲ್ಲಿ ಹೆಂಗಸರು ಕೈ ತೋರಿಸಿದ್ದು ತನಗಲ್ಲ, ಒಳಗೆ ಕೂತಿದ್ದ ಅದಕ್ಕೆ, ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಕೆಂಪು ಬಣ್ಣದಲ್ಲಿ ಬರೆದಿರುವುದು ಅದರ ನಂಬರು, ಹಾಗಾದರೆ ತಾನು ಯಾರು, ಇನ್ನೂರ ಹದಿನಾಲ್ಕು ಎಂಬ ಹೆಂಗಸು ಇಷ್ಟು ವರ್ಷ ಎಲ್ಲಿದ್ದಳು, ಮತ್ತೆ ತವರಿನ ರಕ್ತ ಎಂದು ಅಷ್ಟು ಕೊಚ್ಚಿಕೊಂಡಳಲ್ಲ, ತನ್ನನ್ನು ಹೆತ್ತ ಅಮ್ಮಿ ಬದುಕಿದ್ದಷ್ಟು ಕಾಲ ಒಂದು ಸೂಜಿ ಚುಚ್ಚಿಸಿಕೊಂಡವಳಲ್ಲ, ಸೂಳೆಕೆರೆಯ ಮೀನು ಹುರಿದ ಬಾಣಲೆಯ ಎಣ್ಣೆ ಹೊಳೆಯುವ ಕೈ ಬಿಟ್ಟರೆ ಅಮ್ಮಿಯ ಜಿಡ್ಡಿನ ಲೆಕ್ಕ ಯಾರಿಗೂ ಗೊತ್ತಿಲ್ಲ, ಯಾರೂ ಅಳೆದಿಲ್ಲ, ಅಳೆದದ್ದು ತನ್ನದು, ಆಮೇಲೆ ನುಜಹತ್‌ಳದು.

ನುಜಹತ್‌ಳದು ತೊಂಬತ್ನಾಲ್ಕು. ನ್ಯಾಮತಿಯಲ್ಲಿ ಯಾರೋ ಕ್ಯಾಂಪು ಹಾಕಿದ್ದಾಗ ಅತ್ತೆ ಸೊಸೆ ಇಬ್ಬರೂ ಹೋಗಿ ರಕ್ತ ಕೊಟ್ಟು ಬಂದರು, ಅತ್ತೆಯದು ಜಾಸ್ತಿ, ಸೊಸೆಯದು ತೊಂಬತ್ನಾಲ್ಕು, ಅಮ್ಮಿ, ನಂದು ನಿನಗಿಂತ ಕಮ್ಮಿ ಎಂದು ಫೋನಿನಲ್ಲಿ ಕುಣಿದಿದ್ದಳು ಹುಡುಗಿ, ಇವಳೂ ಕುಣಿದಿದ್ದಳು, ನೋಡ್ರೀ ನಾನು ಹೇಳಿದ್ದೆ ಅಲ್ವಾ, ನಮ್ಮ ರಕ್ತ ಹಂಗೆ, ಬುಡನ್‌ಸಾಬ್ ಬೋರ್ಡಿನಲ್ಲಿ ಮಗಳ ನಂಬರನ್ನೂ ಸೇರಿಸಲು ಜಾಗ ನೋಡುತ್ತಿದ್ದ, ಕೊಟ್ಟ ಮನೆಯ ಹುಡುಗಿಯ ನಂಬರು ಬೀದೀಲಿ ಬರೀತಾರೇನ್ರೀ ಎಂದು ಇವಳೇ ತಡೆದದ್ದು. ಇವಳ ಕಾರ್ಡಿನಲ್ಲಿ ಎರಡನೆಯ ಗೆರೆ ಬಂದ ಹೊಸದರಲ್ಲೇ ದಾವಣಗೆರೆಯಲ್ಲಿ ಹೇಳಿದ್ದರು, ಮನೆಯವರನ್ನೆಲ್ಲಾ ಒಮ್ಮೆ ನೋಡಿಸಿ ಎಂದು, ಬುಡನ್‌ಸಾಬನದು ಒಂದೇ ಗೆರೆ ಬಂತು, ಮಗಳಿಗೂ ಹೇಳಿದರು, ಬರ್ತೀನಿ ಎಂದಳು, ರಂಜಾನ್ ಬಂತು, ಆಮೇಲೆ ನಾದಿನಿಯ ಮದುವೆ ಬಂತು, ಯಾರಿಗೂ ಗಡಿಬಿಡಿ ಇರಲಿಲ್ಲ, ತೊಂಬತ್ನಾಲ್ಕು ಇರುವ ಹುಡುಗಿಗೆ ಏನಾಗಿರುತ್ತದೆ, ಅದೇ ಧೈರ್ಯ, ಅದನ್ನೇ ತಾಯತದ ಹಾಗೆ ನಂಬಿಕೊಂಡು ಕೂತಿದ್ದರು. ಡಾಕ್ಟರಮ್ಮ ಆ ತೊಂಬತ್ತೆಂಟು ವೈರಸ್ಸಿಂದು ಎಂದಳಲ್ಲ, ಆ ಮಾತು ಮುಗಿಯುವುದರೊಳಗೆ ಇವಳ ಮನಸ್ಸು ನ್ಯಾಮತಿಗೆ ಹೋಗಿ ಬಂದಿತ್ತು, ಮೇಡಂ, ನನ್ನ ಮಗಳದು ತೊಂಬತ್ನಾಲ್ಕು, ಕಮ್ಮಿ ಇದ್ದೋರಿಗೆಲ್ಲಾ ಇರುತ್ತೆ ಅಂತಲ್ಲಮ್ಮ, ಸಣ್ಣ ವಯಸ್ಸು, ಮೈಯೇ ಹಾಗಿರಬಹುದು, ಆದ್ರೆ ತಾಯಿಗೆ ಇದ್ದಾಗ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಐದಾರು ಜನಕ್ಕೆ ಬರುತ್ತೆ, ಹೆರಿಗೇಲಿ, ನನ್ನ ಹಾಲಿನಿಂದ ಬಂದಿರಬೌದಾ ಮೇಡಂ? ಹಾಲಿನಿಂದ ಇಲ್ಲ, ಹಾಲಿನಿಂದ ಬರಲ್ಲ, ಬೇಗ ಕರೆಸಿ, ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗಿ, ಕೊಲೆಸ್ಟ್ರಾಲು, ಕಾರ್ಡು ಎರಡೂ ಒಟ್ಟಿಗೇ ನೋಡಿಬಿಡಲಿ. ನೂರಕ್ಕೆ ಐದಾರು, ಅಂದರೆ ತೊಂಬತ್ನಾಲ್ಕು ಮಕ್ಕಳಿಗೆ ಬರುವುದಿಲ್ಲ, ಮತ್ತೆ ಅದೇ ತೊಂಬತ್ನಾಲ್ಕು, ಈ ನಂಬರಿಗೆ ತನ್ನ ಬೆನ್ನು ಬಿಡುವ ಮನಸ್ಸಿಲ್ಲ.

ಖಾಲಿ ಹೊಟ್ಟೆ. ಪಕ್ಕದಲ್ಲಿ ಕೂತ ಮಗಳ ಉಸಿರಿನಲ್ಲಿ ಮೆಣಸು ಜೀರಿಗೆಯ ವಾಸನೆ ಇನ್ನೂ ಇದೆ, ತಿಪ್ಪೇಶಪ್ಪನಿಗೂ ಬಡಿದಿರಬಹುದೇ, ಏನೂ ತಿಂದಿಲ್ಲ ತಾನೇ ಎಂದು ಅವನು ಕೇಳಿದಾಗ ನುಜಹತ್ ಬಾಯಿ ತೆರೆಯುವ ಮೊದಲೇ ಏನೂ ಇಲ್ಲ ಎಂದವಳು ತಾನು, ಹುಡುಗಿ ತಿರುಗಿ ನೋಡಿದಳು, ಇವಳು ಬುರ್ಖಾದ ತೋಳು ಸರಿಮಾಡಿಕೊಂಡಳು. ಬೆಳಿಗ್ಗೆ ಮಗಳನ್ನು ಎಬ್ಬಿಸಿ ಒಲೆಯ ಮುಂದೆ ಕೂರಿಸಿ ಎರಡು ಬಟ್ಟಲು, ಮೊದಲನೆಯದು ಗಿರಾಕಿಗಳಿಗೆ ಕೊಡುವಂಥದ್ದೇ, ಎರಡನೆಯದಕ್ಕೆ ಪಾತ್ರೆಯ ಮೇಲಿನ ಜಿಡ್ಡನ್ನೇ ಸೌಟಿನಿಂದ ಬಳಿದು ಬಳಿದು, ನಳಿಯೊಳಗಿನ ಮಜ್ಜೆ ಬಡಿದು ಹಾಕಿ, ಕುಡಿ, ಸೊರಗೀಯ, ಅಮ್ಮಿ, ಟೆಸ್ಟಿಗೆ ಹೋಗೋದು ಐತಲ್ಲ, ಅದಕ್ಕೇನಾಗ್ತೈತೆ ಕುಡಿ. ಯಾಕೆ ಹಾಗೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು, ತನ್ನಲ್ಲಿ ಅದು ಇದ್ದಾಗ ನಂಬರು ಕಮ್ಮಿ ಇತ್ತು, ಅದು ಹೋದಮೇಲೆ ಜಾಸ್ತಿಯಾಯಿತು, ಅಂದರೆ ಜಾಸ್ತಿ ಇರುವಲ್ಲಿ ಅದು ಇಲ್ಲ, ಅಂದರೆ ಮಗಳದು ಇವತ್ತು ಜಾಸ್ತಿ ಬಂದುಬಿಟ್ಟರೆ — ಇಲ್ಲ, ಇದು ಸರಿಯಾದ ಲೆಕ್ಕವಲ್ಲ ಎಂದು ಅವಳಿಗೇ ಗೊತ್ತು, ಸೌಟು ಹಿಡಿದಾಗಲೂ ಗೊತ್ತಿತ್ತು, ಬಾವಿಯಲ್ಲಿ ನೀರಿದೆಯೋ ಇಲ್ಲವೋ ನೋಡಲು ಹೊರಟವರು ತಾವೇ ಒಂದು ಕೊಡ ನೀರು ಹೊಯ್ದು ಬಂದ ಹಾಗೆ, ಆದರೆ ಕೈ ಕೇಳಲಿಲ್ಲ, ಊರಿನ ತಾಯಂದಿರೆಲ್ಲ ಮಕ್ಕಳ ರಕ್ತ ತಿಳಿಯಾಗಿರಲಿ ಎಂದು ಬೇಡಿಕೊಳ್ಳುವಾಗ ತಾನೊಬ್ಬಳು ಬೆಳಗಿನ ಜಾವದ ಫಜರ್ ನಮಾಜಿನ ಕೊನೆಗೆ ಕೈಯೆತ್ತಿ ಬೇಡಿದ್ದಾಳೆ, ಯಾ ಅಲ್ಲಾ, ನನ್ನ ಮಗಳ ರಕ್ತದಾಗೆ ಕೊಬ್ಬು ತುಂಬು, ಇನ್ನೂರು ಮಾಡು, ಮುನ್ನೂರು ಮಾಡು, ಅವಳಪ್ಪನ ರಕ್ತದಂಗೆ ಮಾಡು, ಇಂಥ ದುವಾ ಅಲ್ಲಿ ಮೇಲೆ ಯಾರಿಗಾದರೂ ಹೊಸದೇ ಇದ್ದೀತು, ಕೇಳಿ ನಕ್ಕರೂ ಪರವಾಗಿಲ್ಲ, ಕೊಟ್ಟರೆ ಸಾಕು.

ಸದ್ದು ಇಳಿಯಿತು, ಇಳಿದು ಇಳಿದು ಕೊನೆಗೊಮ್ಮೆ ಮೈ ಝಾಡಿಸಿದಂತೆ ನಡುಗಿ ನಿಂತಿತು, ತಿಪ್ಪೇಶಪ್ಪ ಮುಚ್ಚಳ ತೆಗೆದು ಕೊಳವೆ ಎತ್ತಿ ಕಿಟಕಿಯ ಕಡೆ ಹಿಡಿದ, ತಳದಲ್ಲಿ ಕೆಂಪು, ಮೇಲೆ — ಇದೇನ್ ಅಕ್ಕಾರೆ ಇದು, ಹಾಲು, ಹೌದು, ಹಾಲು, ಬಿಳಿ, ಹೊಳಪಿಲ್ಲದ ಬಿಳಿ, ಬೆರಳು ಹಿಂದೆ ಹಿಡಿದರೆ ಬೆರಳು ಕಾಣುವುದಿಲ್ಲ, ಖಮರುನ್ನೀಸಾ ಬೆಂಚಿನಿಂದ ಅರ್ಧ ಎದ್ದಳು, ಕೊಟ್ಟನಲ್ಲ, ಕೊಟ್ಟುಬಿಟ್ಟನಲ್ಲ, ಜಾಸ್ತಿ ಐತಾ ತಿಪ್ಪೇಶಣ್ಣಾರೆ, ತುಂಬಾ ಜಾಸ್ತಿ ಐತಾ, ಜಾಸ್ತಿ ಅಲ್ಲ ರೀ, ಇದು ಈಗ ಹೊಟ್ಟೆಯಿಂದ ನೇರ ಬಂದಿರೋದು, ಲಿವರ್ ಕಟ್ಟಿ ಕಳಿಸಿರೋದಲ್ಲ, ನಿಜ ಹೇಳ್ರಿ, ಏನು ಕುಡಿಸೀರಿ, ಎರಡು ಬಟ್ಟಲು ಎಂದಳು ನುಜಹತ್, ಮಜ್ಜೆ ಬ್ಯಾರೆ ಹಾಕಿತ್ತು ಅಮ್ಮಿ, ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಸುಮ್ಮನೆ ಹೇಳಿದಳು, ತಿಪ್ಪೇಶಪ್ಪ ನಗಲೂ ಆಗದೆ ಬೈಯಲೂ ಆಗದೆ ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಸಿಕ್ಕಿಸಿದ, ಇದ್ರಾಗೆ ಕೊಲೆಸ್ಟ್ರಾಲು ತೆಗೆಯಾಕೆ ಆಗಂಗಿಲ್ಲ, ನಾಳೆ ಬರ್ರಿ, ಉಪಾಸ ಬರ್ರಿ, ಕಾರ್ಡಿಗೆ ಬೆರಳಿನ ರಕ್ತ ಒಂದು ಹನಿ ಸಾಕು, ಅದನ್ನ ಈಗಲೇ ನೋಡಿಬಿಡಾನ, ಆ ಗೆರೆಗೂ ನಿಮ್ಮ ಸೂಪಿಗೂ ಸಂಬಂಧ ಇಲ್ಲ. ಸಂಬಂಧ ಇಲ್ಲ ಎಂದ ಮೇಲೂ ಅವಳು ಆ ಹಾಲನ್ನೇ ನೋಡುತ್ತಿದ್ದಾಳೆ, ಅದು ತನ್ನ ಒಲೆಯದು, ತನ್ನ ಸೌಟಿನದು, ಎಷ್ಟು ಬೇಗ ಮಗಳ ರಕ್ತ ಸೇರಿದೆ, ಕೊಟ್ಟದ್ದನ್ನೆಲ್ಲ ಈ ಹುಡುಗಿ ಯಾವಾಗಲೂ ಹೀಗೇ ತಕರಾರಿಲ್ಲದೆ ತೆಗೆದುಕೊಂಡುಬಿಡುತ್ತಾಳೆ, ಹಸುಗೂಸಿದ್ದಾಗಲೂ ಹಾಗೇ, ಎದೆಗೆ ಹಾಕಿಕೊಂಡರೆ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು, ಏನು ಎತ್ತ ಎಂದು ನೋಡುವ ಮಗುವಲ್ಲ, ಹಾಲಿನಿಂದ ಬರಲ್ಲಮ್ಮ, ಬರಲ್ಲ.

ಬೆರಳಿಗೆ ಸೂಜಿ, ಹನಿ, ಕಾರ್ಡಿನ ಸಣ್ಣ ಕುಳಿಯಲ್ಲಿ ಅದನ್ನು ಬಿಟ್ಟು ಮೇಲೆ ಎರಡು ತೊಟ್ಟು ಔಷಧಿ, ಇನ್ನು ಕಾಯಬೇಕು, ಒದ್ದೆ ತಾನಾಗಿ ಕಿಂಡಿಯೊಳಗೆ ಹರಿಯತೊಡಗಿತು, ಮಸುಕು ಕೆಂಪು, ಒಣ ಬಟ್ಟೆಗೆ ನೀರು ಏರುವ ಹಾಗೆ, ನುಜಹತ್ ಮೊಬೈಲನ್ನು ಬೆಂಚಿನ ಮೇಲೆ ಬೋರಲು ಹಾಕಿ ಬಗ್ಗಿದಳು, ಅಮ್ಮಿ, ಇದು ಹೆಂಗೆ ಮುಂದಕ್ಕೆ ಹೋಗ್ತೈತೆ, ಯಾರೂ ತಳ್ಳಂಗಿಲ್ಲ ಏನಿಲ್ಲ, ಅರೆ, ಈ ಪ್ರಶ್ನೆ ತನ್ನದು, ತಾನು ಅವತ್ತು ಕೇಳಿದ್ದು ಇದನ್ನೇ, ಮೂಗು ಅವಳಪ್ಪನದು, ಗದ್ದ ಅವಳಪ್ಪನದು, ಈ ಕೆದಕುವ ಚಟ ಮಾತ್ರ ತನ್ನದು, ಹೋಗಿದೆಯಲ್ಲ ಇದು, ಯಾವ ದಾರಿಯಿಂದ ಹೋಯಿತು, ರಕ್ತದಿಂದಲೋ ಹಾಲಿನಿಂದಲೋ ಜೊತೆಯಲ್ಲಿ ಕೂತು ಕೂತೋ, ಅದನ್ನು ನೋಡಲು ಯಾವ ಕಾರ್ಡೂ ಇಲ್ಲ — ಬಂತು ಅಮ್ಮಿ, ಒಂದು ಬಂತು, ಅದು ಎಲ್ಲಾರಿಗೂ ಬರ್ತೈತೆ ಬೇಟಿ, ಕಾರ್ಡು ಸರಿ ಐತೆ ಅಂತ, ಹೌದಾ, ಹಂಗಾದ್ರೆ ಇನ್ನೊಂದು ಎಲ್ಲಿ ಬರೋದು, ಇಲ್ಲಿ, ಎಂದು ಇವಳ ಬೆರಳು ತೋರಿಸಿತು, ಖಾಲಿ ಬಿಳಿ ಜಾಗ, ಅಲ್ಲಿ ಏನೂ ಇಲ್ಲ, ಇಲ್ಲ, ಆ ಬಿಳಿಯನ್ನು ನೋಡಿ ನೋಡಿ ಕಣ್ಣು ನೋಯುತ್ತಿದೆ, ಆಪರೇಷನ್ ಆದ ಕಣ್ಣು ತುಂಬ ಚೆನ್ನಾಗಿ ನೋಡುತ್ತದೆ ಈಗ, ಇಷ್ಟು ಚೆನ್ನಾಗಿ ಕಾಣಬಾರದಿತ್ತು, ಹೊರಗೆ ಹೊನ್ನಾಳಿ ಬಸ್ಸಿನವನು ಕೂಗುತ್ತಿದ್ದಾನೆ, ತಿಪ್ಪೇಶಪ್ಪ ಕೆಮ್ಮಿದ, ಆ ಬಿಳಿಯಲ್ಲಿ ನೆರಳಿನ ಹಾಗೆ ಏನೋ, ಕಣ್ಣಿನ ಭ್ರಮೆ, ಭ್ರಮೆಯಲ್ಲ, ತೆಳ್ಳಗೆ, ಕೂದಲೆಳೆಯಷ್ಟು, ಗುಲಾಬಿ.

ಬಂತಲ್ಲ ಎಂದಳು ನುಜಹತ್, ಮೆಲ್ಲಗೆ. ಇದು ಬರೀ ಅದು ಬಂದಿದ್ದರ ಗುರುತು ರೀ ಅಕ್ಕಾರೆ, ಒಳಗೆ ಇನ್ನೂ ಐತೋ ಇಲ್ಲೋ ಅಂತ ದಾವಣಗೆರೆಯಾಗೆ ಇನ್ನೊಂದು ನೋಡ್ತಾರೆ, ಇದ್ರೂ ಮಾತ್ರೆ ಐತೆ, ನಿಮಗೆ ಹೋಗ್ಲಿಲ್ವಾ, ತಿಪ್ಪೇಶಪ್ಪ ಏನೇನೋ ಹೇಳುತ್ತಿದ್ದಾನೆ, ಎಲ್ಲ ಸರಿ, ಎಲ್ಲ ಅವಳಿಗೆ ಗೊತ್ತಿರುವುದೇ, ಮೂರು ತಿಂಗಳು, ದಿನಕ್ಕೊಂದು, ಬಾಯಿ ಸ್ವಲ್ಪ ಕಹಿ, ಆದರೂ ಮಾತು ಕಿವಿಯ ಹೊರಗೇ ನಿಂತಿದೆ, ಅಳು ಬರುತ್ತಿದೆ, ಬರಲಿ, ನುಜಹತ್ ತೋಳು ಹಿಡಿದುಕೊಂಡಿದ್ದಾಳೆ, ಅಮ್ಮಿ, ಹಂಗಾದ್ರೆ ತೊಂಬತ್ನಾಲ್ಕು ನಂದಲ್ಲ ಅಲ್ವಾ, ನಂದೇ ಅಂತ ಎಷ್ಟಿರಬೌದು, ಅವಳ ದನಿಯಲ್ಲಿ ಹೆದರಿಕೆ ಇದೆ, ಹೆದರಿಕೆಯ ಪಕ್ಕದಲ್ಲೇ ನಿಜವಾಗಿಯೂ ತಿಳಿಯುವ ಆಸೆಯೂ ಇದೆ, ಎಷ್ಟಿರಬಹುದು ಮಗಳೇ, ನಿನ್ನದೇ ಅಂತ ನಿನ್ನಲ್ಲಿ ಏನಿದೆಯೋ ನಾನು ಇನ್ನೂ ನೋಡಿಲ್ಲ, ಸ್ಟ್ಯಾಂಡಿನಲ್ಲಿ ನಿಂತಿರುವ ಬಿಳಿ ನಾನು ಬೆಳಿಗ್ಗೆ ಕೊಟ್ಟದ್ದು, ಕಾರ್ಡಿನಲ್ಲಿ ಬಂದಿರುವ ಗೆರೆ ನೀನು ಹುಟ್ಟಿದ ದಿನ ನಾನು ಕೊಟ್ಟದ್ದು, ಎರಡೂ ನಿನ್ನ ರಕ್ತದಲ್ಲೇ ಇವೆ, ಎರಡೂ ನನ್ನವೇ, ಆ ಗೆರೆ, ಗುಲಾಬಿ ಗೆರೆ, ಅವತ್ತು ಚಂದ ಐತಲ್ಲ ಎಂದಿದ್ದೆ, ಆ ಗೆರೆ, ಇನ್ನೂ ಒದ್ದೆಯಾಗಿದೆ, ನೋಡುತ್ತಿದ್ದ ಹಾಗೇ ದಪ್ಪಗಾಗುತ್ತಿದೆ, ಗೆರೆ